ಸೊಂಟ ಕೈಕೊಟ್ಟಿದೆ, ಹಗುರವಾಗಿರೋ ಆದರೆ ದಮ್ಮಿರೋ ಆಂಪ್ಲಿಫೈಯರ್ ಹೇಳಿ

ರೀಮ್‌ರಾಯ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಸಹಕಾರ ಸಂಘಗಳ ವಾರ್ಷಿಕ ವರದಿ, ಇಂಥ ಕೆಲಸ. ಕಾಗದದ ಬಂಡಲ್ ಎತ್ತಿ ಎತ್ತಿ ಸೊಂಟ ಕೈಕೊಟ್ಟಿದೆ. ಸ್ಕ್ಯಾನಿಂಗ್‌ನಲ್ಲಿ ಎಲ್4-ಎಲ್5 ಡಿಸ್ಕ್ ಉಬ್ಬಿದೆ ಅಂತ ಬಂತು. ಆಪರೇಷನ್ ಬೇಡ, ವ್ಯಾಯಾಮ ಮಾಡಿಕೊಂಡಿರಿ, ಆದರೆ 5 ಕಿಲೋಗಿಂತ ಜಾಸ್ತಿ ಎತ್ತಬೇಡಿ ಅಂದಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ 75 ಜಿಎಸ್‌ಎಂ ಎ4 ಕಾಗದದ ಎರಡು ರೀಮು, ಅಷ್ಟೇ. ಪ್ರೆಸ್ಸಿನಲ್ಲಿ ಹುಡುಗರಿದ್ದಾರೆ, ಎತ್ತಿ ಇಡುತ್ತಾರೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಅವಳಿಗೆ ಮಂಡಿ ನೋವು. ಇಬ್ಬರೂ ಸೇರಿದರೆ ಒಂದು ಆರೋಗ್ಯವಂತ ಮನುಷ್ಯನಿಗೂ ಕಮ್ಮಿ.

ಮನೆಯಲ್ಲಿರೋದು ತೊಂಬತ್ತರ ದಶಕದ ಜಪಾನಿ ಇಂಟಿಗ್ರೇಟೆಡ್ ಆಂಪ್. 19 ಕಿಲೋ, ಅಂದರೆ ಎಂಟು ರೀಮು. ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡಿನಲ್ಲಿ ಕೂತಿದೆ. ಈಚೆಗೆ ಎಡಗಡೆಯ ಚಾನೆಲ್ ಆಗಾಗ ಮಾಯವಾಗುತ್ತೆ. ವಾಲ್ಯೂಮ್ ಒಂದ್ಸಲ ಜೋರು ಮಾಡಿದರೆ ಠಕ್ ಅಂತ ವಾಪಸ್ ಬರುತ್ತೆ. ರಿಪೇರಿಯವರು ಮನೆಗೆ ಬರಲ್ಲ, ಅಂಗಡಿಗೇ ತನ್ನಿ ಅಂತಾರೆ. ಅದನ್ನು ಗೂಡಿನಿಂದ ಈಚೆಗೆ ಎಳೆಯೋದೇ ನನ್ನ ಕೈಲಾಗದ ಕೆಲಸ. ಸಾಕು, ಹೊಸದು ತಗೊಳ್ಳೋಣ ಅಂತ ತೀರ್ಮಾನ ಮಾಡಿದ್ದೇನೆ.

ವಿವರ ಇಷ್ಟು. ಹಾಲ್ 16 ಅಡಿಗೆ 12 ಅಡಿ. ಟವರ್ ಸ್ಪೀಕರ್, ಹಿಂದಿನ ಚೀಟಿಯಲ್ಲಿ 86 ಡಿಬಿ, 6 ಓಮ್ ಅಂತಿದೆ. ಕೂರೋದು ಹತ್ತಡಿ ದೂರದಲ್ಲಿ. ಸಿಡಿ ಪ್ಲೇಯರ್ ಇದೆ, ಟಿವಿ ಇದೆ, ಕ್ಯಾಸೆಟ್ ಡೆಕ್ ಇದೆ. ಡೆಕ್ ಬಿಡೋ ಮಾತೇ ಇಲ್ಲ, ರೇಡಿಯೋದಿಂದ ಹಿಡಿದಿಟ್ಟುಕೊಂಡ ಕಛೇರಿಗಳು ಅದರಲ್ಲೇ ಕೇಳಬೇಕು. ಒಂದು ಪವರ್ಡ್ ಸಬ್‌ವೂಫರ್ ಕೂಡ ಇದೆ, ಆಂಪಿನ ಸ್ಪೀಕರ್ ಟರ್ಮಿನಲ್‌ನಿಂದಲೇ ಅದಕ್ಕೆ ವೈರ್ ಎಳೆದಿದ್ದೇನೆ. ಕೇಳೋದು ಹೆಚ್ಚಾಗಿ ಕರ್ನಾಟಕ ಸಂಗೀತ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಅಂದರೆ ಪ್ರಾಣ. ತನಿ ಆವರ್ತನ ಬಂದಾಗ ಮೃದಂಗದ ಎಡಗಡೆಯ ಪೆಟ್ಟು ಎದೆಗೆ ತಾಗಬೇಕು. ನಾದಸ್ವರ ಹಾಕಿದರೆ ಡೋಲಿನ ಪೆಟ್ಟು ಪಕ್ಕದ ಮನೆಗೂ ಕೇಳಬೇಕು. ಹಾಗಾಗಿ ಪವರ್ ಬೇಕು.

ಇಲ್ಲೊಂದು ಅಂಗಡಿಯಲ್ಲಿ ಕೇಳಿದರೆ, "ತೂಕ ಇಲ್ಲದ ಆಂಪಲ್ಲಿ ಏನಿರುತ್ತೆ ಸರ್" ಅಂತ ಹತ್ತು ಕಿಲೋದ್ದನ್ನು ಮುಂದಿಟ್ಟರು. ಬಜೆಟ್ 60 ಸಾವಿರ. ಎರಡು ರೀಮಿನ ಒಳಗೆ ಏನಾದರೂ ಇದೆಯಾ? ಕ್ಲಾಸ್ ಡಿ ಅಂತಾರಲ್ಲ, ಅದರ ಸದ್ದು ಒಣಕಲು ಅಂತ ಓದಿದ್ದೇನೆ. ಹೌದಾ?


ಕಾಯಿಲ್‌ಕಿಟ್ಟಿ, ಬೆಂಗಳೂರು

ರಾಯರೇ, ಎಸ್‌ಪಿ ರೋಡ್ ಹತ್ತಿರ ಬೆಂಚ್ ಹಾಕಿಕೊಂಡು ಆಂಪ್ ರಿಪೇರಿ ಮಾಡೋನು ನಾನು. ಮೊದಲು ಸಮಾಧಾನದ ಮಾತು ಹೇಳ್ತೀನಿ. ತೂಕಕ್ಕೂ ದಮ್ಮಿಗೂ ಇದ್ದ ನಂಟು ಕಡಿದು ಹೋಗಿ ಬಹಳ ಕಾಲ ಆಯ್ತು. ಅಂಗಡಿಯವರು ಹೇಳಿದ್ದು ನಿಮ್ಮ ಹಳೇ ಆಂಪಿನ ಕಾಲಕ್ಕೆ ಸರಿಯಾಗಿತ್ತು.

ಆ ಹಳೇ ಪೆಟ್ಟಿಗೆ ಬಿಚ್ಚಿದರೆ ತೂಕವೆಲ್ಲ ಎರಡೇ ಕಡೆ ಇರುತ್ತೆ. ಒಂದು ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಾವನ್ನು ಹೊರಹಾಕೋ ಹೀಟ್‌ಸಿಂಕ್. ಅವೆರಡನ್ನೂ ಹೊರೋಕೆ ದಪ್ಪ ತಗಡಿನ ಚಾಸಿ. ನಮ್ಮ ಕರೆಂಟು 50 ಹರ್ಟ್ಜ್. ಅಷ್ಟು ನಿಧಾನವಾಗಿ ಏರಿ ಇಳಿಯೋ ಕರೆಂಟಿನಲ್ಲಿ ಮುನ್ನೂರು ನಾನೂರು ವಾಟ್ ದಾಟಿಸಬೇಕಂದ್ರೆ ಕಬ್ಬಿಣದ ಕೋರ್ ದೊಡ್ಡದೇ ಬೇಕು, ತಾಮ್ರವೂ ಜಾಸ್ತಿ ಬೇಕು. ಈಗಿನ ಹಗುರದ ಆಂಪ್‌ಗಳಲ್ಲಿ ಅದರ ಬದಲು ಎಸ್‌ಎಂಪಿಎಸ್ ಅನ್ನೋ ಪವರ್ ಸಪ್ಲೈ ಇರುತ್ತೆ. ಅದು ಏನು ಮಾಡುತ್ತೆ ಅಂದ್ರೆ, ಮೊದಲು ಎಸಿಯನ್ನು ಡಿಸಿ ಮಾಡಿಕೊಂಡು, ಆ ಡಿಸಿಯನ್ನು ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ಕತ್ತರಿಸುತ್ತೆ. ಅಷ್ಟು ವೇಗ ಇದ್ದರೆ ಅದೇ ವಾಟೇಜಿಗೆ ಮುಷ್ಟಿಯೊಳಗೆ ಹಿಡಿಯೋ ಫೆರೈಟ್ ಕೋರ್ ಸಾಕು. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ಒಳಗೆ ಇರೋದೂ ಇದೇ.

ಇನ್ನು ಹೀಟ್‌ಸಿಂಕ್. ನಿಮ್ಮದು ಕ್ಲಾಸ್ ಎಬಿ. ಅದರ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಅರ್ಧ ತೆರೆದ ನಲ್ಲಿ. ಹಾಡಿಗೆ ಬೇಕಾದಷ್ಟು ಬಿಟ್ಟು ಉಳಿದದ್ದೆಲ್ಲ ಶಾಖವಾಗಿ ಹೋಗುತ್ತೆ. ಥಿಯರಿ ಪ್ರಕಾರ ಫುಲ್ ಪವರ್‌ನಲ್ಲಿ 78 ಪರ್ಸೆಂಟ್‌ವರೆಗೆ ದಕ್ಷತೆ ಬರಬಹುದು, ಆದರೆ ಮನೆಯಲ್ಲಿ ಯಾರೂ ಫುಲ್ ಪವರ್‌ನಲ್ಲಿ ಕೇಳಲ್ಲ. ಮೆಲ್ಲಗೆ ಕೇಳುವಾಗ ಅದರಲ್ಲಿ ಬಹುಪಾಲು ಬರೀ ಕಾವು. ಏಪ್ರಿಲ್‌ನಲ್ಲಿ ಆ ಗೂಡಿನ ಮೇಲೆ ಕೈ ಇಟ್ಟು ನೋಡಿ, ಗೊತ್ತಾಗುತ್ತೆ. ಕ್ಲಾಸ್ ಡಿಯಲ್ಲಿ ಟ್ರಾನ್ಸಿಸ್ಟರ್ ಪೂರ್ತಿ ಆನ್ ಇಲ್ಲಾ ಪೂರ್ತಿ ಆಫ್, ಮಧ್ಯೆ ನಿಲ್ಲೋದೇ ಇಲ್ಲ. ಸೆಕೆಂಡಿಗೆ ನಾಲ್ಕೈದು ಲಕ್ಷ ಸಲ ಆನ್ ಆಫ್ ಆಗುತ್ತೆ. ಆನ್ ಎಷ್ಟು ಹೊತ್ತು, ಆಫ್ ಎಷ್ಟು ಹೊತ್ತು ಅನ್ನೋದರಲ್ಲೇ ಹಾಡು ಇರುತ್ತೆ. ಕೊನೆಗೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಆ ಚಟಪಟವನ್ನು ಸೋಸಿ ಸ್ಪೀಕರ್‌ಗೆ ಬರೀ ಸಂಗೀತ ಬಿಡುತ್ತವೆ. ದಕ್ಷತೆ 90 ಪರ್ಸೆಂಟ್ ಹತ್ತಿರ. ಕಾವು ಇಲ್ಲದ ಮೇಲೆ ಅಷ್ಟು ದೊಡ್ಡ ಹೀಟ್‌ಸಿಂಕ್ ಯಾಕೆ?

ಈಗ ನಿಮಗೆ ಎಷ್ಟು ವಾಟ್ ಬೇಕು ಅನ್ನೋ ಲೆಕ್ಕ. 86 ಡಿಬಿ ಅಂದ್ರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಹತ್ತಡಿ ಅಂದ್ರೆ ಮೂರು ಮೀಟರ್. ದೂರಕ್ಕೆ ಒಂಬತ್ತು ಡಿಬಿ ಹೋಗುತ್ತೆ. ಎರಡು ಸ್ಪೀಕರ್ ಇರೋದರಿಂದ ಮೂರು ವಾಪಸ್ ಬರುತ್ತೆ, ಗೋಡೆಗಳೂ ಸ್ವಲ್ಪ ಕೊಡುತ್ತವೆ. ಒಂದು ವಾಟಿಗೆ ನಿಮ್ಮ ಕುರ್ಚಿಯಲ್ಲಿ 81 ಅಂತ ಇಟ್ಟುಕೊಳ್ಳೋಣ. ಹತ್ತು ವಾಟಿಗೆ 91. ನೂರು ವಾಟಿಗೆ 101. ಮನೆಯಲ್ಲಿ ಚೆನ್ನಾಗಿ ಜೋರಾಗಿ ಕೇಳೋದು ಸರಾಸರಿ 78-80ರಲ್ಲಿ, ಅಂದ್ರೆ ಒಂದು ವಾಟೂ ಇಲ್ಲ! ಪವರ್ ಬೇಕಾಗೋದು ನೀವು ಹೇಳಿದ ಮೃದಂಗದ ಪೆಟ್ಟಿಗೆ. ಅದು ಸರಾಸರಿಗಿಂತ 15-20 ಡಿಬಿ ಮೇಲೆ ಹಾರಬಹುದು. ಅದಕ್ಕೆ ಐವತ್ತರಿಂದ ನೂರು ವಾಟ್ ಸಾಕು. ಪಕ್ಕದ ಮನೆಯವರ ಪಾಲೂ ಅದರಲ್ಲೇ ಬಂತು. 60 ವಾಟ್ ಇದ್ದದ್ದು 120 ಆದರೆ ಕಿವಿಗೆ ಸಿಗೋದು ಬರೀ 3 ಡಿಬಿ. ವಾಟಿನ ಹಿಂದೆ ಬೀಳಬೇಡಿ.

ಡಬ್ಬದ ಮೇಲಿನ ನಂಬರ್ ನಂಬೋಕೂ ಹೋಗಬೇಡಿ. ಟೂ-ಇನ್-ಒನ್ ಕಾಲದ ಪಿಎಂಪಿಒ ಅನ್ನೋ ಉಬ್ಬಿಸಿದ ವಾಟ್ ನಂಬರ್ ನೆನಪಿದೆಯಲ್ಲ, ಅದರ ತಮ್ಮಂದಿರು ಈಗಲೂ ಇದ್ದಾರೆ. ಚೀನಾದ ಪುಟ್ಟ ಆಂಪ್‌ಗಳಲ್ಲಿ "300 ವಾಟ್ × 2" ಅಂತ ಹಾಕ್ತಾರೆ. ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255 ಚಿಪ್ ಇರುತ್ತೆ, ಒಳ್ಳೇ ಚಿಪ್ಪೇ. ಆದರೆ 315 ವಾಟ್ ಅನ್ನೋದು 4 ಓಮ್‌ಗೆ, 10 ಪರ್ಸೆಂಟ್ ಡಿಸ್ಟಾರ್ಷನ್‌ನಲ್ಲಿ. ಹತ್ತು ಪರ್ಸೆಂಟ್ ಅಂದ್ರೆ ಹರಿದ ಸದ್ದು. ಇನ್ನೊಂದು, ಜೊತೆಗೆ ಕೊಡೋ ಅಡಾಪ್ಟರ್ ನೋಡಿ. 32 ವೋಲ್ಟ್ 5 ಆಂಪಿಯರ್ ಅಂದ್ರೆ ಒಟ್ಟು 160 ವಾಟ್. 48 ವೋಲ್ಟ್ 5 ಆಂಪಿಯರ್ ಅಂದ್ರೆ 240. ಒಳಗೆ ಹೋಗಿದ್ದಕ್ಕಿಂತ ಜಾಸ್ತಿ ಹೊರಗೆ ಬರಲ್ಲ, ಅಲ್ವಾ? ಆದರೂ ನಿಮ್ಮ ಹಾಲ್‌ಗೆ 48 ವೋಲ್ಟಿನದ್ದು ಬೇಕಾದಷ್ಟಾಯ್ತು.

ನಿಮ್ಮ ಕೇಸಿಗೆ ನನ್ನ ಆಯ್ಕೆ ವಿಮ್ (WiiM) ಅನ್ನೋ ಕಂಪನಿಯ ವಿಮ್ ಆಂಪ್. 8 ಓಮ್‌ಗೆ 60 ವಾಟ್, 4 ಓಮ್‌ಗೆ 120. ತೂಕ 1.84 ಕಿಲೋ, ಒಂದು ರೀಮೂ ಇಲ್ಲ. ಪವರ್ ಸಪ್ಲೈ ಒಳಗೇ ಇದೆ. ಟಿವಿಗೆ ಎಚ್‌ಡಿಎಂಐ, ಸಿಡಿಗೆ ಆಪ್ಟಿಕಲ್, ಡೆಕ್‌ಗೆ ಲೈನ್ ಇನ್, ಮೂರೂ ಸರಿಹೋಗುತ್ತೆ. ಸಬ್‌ಗೆ ಬೇರೆ ಔಟ್‌ಪುಟ್ ಇದೆ. ಅದರ ಬಗ್ಗೆ ಒಂದು ಎಚ್ಚರಿಕೆ ಹೇಳೋದಿದೆ, ಆಮೇಲೆ ಬರೀತೀನಿ, ಗಿರಾಕಿ ಬಂದರು.


ಗಟ್ಟಿಕಬ್ಬಿಣ, ಹುಬ್ಬಳ್ಳಿ

ನೋಡ್ರಿ ರಾಯರ, ಕಿಟ್ಟಿಯವರು ಹೇಳಿದ್ದು ಲೆಕ್ಕದಾಗ ಸರಿ. ಆದರೆ ನಿಮ್ಮ 19 ಕಿಲೋದ ಆಂಪ್ ಮೂವತ್ತು ವರ್ಷ ನಡೆದಿದೆ. ಈ ಹೊಸ ಡಬ್ಬಿಗಳು ನಡೀತಾವಾ? ಎಸ್‌ಎಂಪಿಎಸ್ ಸುಟ್ಟರೆ ಬೋರ್ಡೇ ಬದಲಿಸಬೇಕು. ಬೋರ್ಡ್ ಸಿಗದಿದ್ದರೆ ಡಬ್ಬಿ ಕಸಕ್ಕೆ. ನಮ್ಮ ಕಡೆ ಕರೆಂಟ್ ಹೋಗಿ ಬರುವಾಗ ವೋಲ್ಟೇಜ್ ಎಗರೋದಕ್ಕೆ ಎಷ್ಟು ಟಿವಿ ಬಾಕ್ಸ್ ಹೋಗಿಲ್ಲ ಹೇಳ್ರಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದದ್ದು ಅಂಥದ್ದಕ್ಕೆಲ್ಲ ಜಗ್ಗೋದಿಲ್ಲ.

ಎಡ ಚಾನೆಲ್ ಹೋಗಿ ಬರೋದು ಸ್ಪೀಕರ್ ರಿಲೇದ್ದು, ಅಂದರ ಸ್ಪೀಕರ್‌ಗೆ ಲೈನ್ ಜೋಡಿಸೋ ಒಳಗಿನ ಸ್ವಿಚ್ಚಿಂದು. ಕಾಂಟ್ಯಾಕ್ಟ್ ಕಪ್ಪಾಗಿರ್ತದೆ, ವಾಲ್ಯೂಮ್ ಏರಿಸಿದರೆ ಆ ಕರೆಂಟಿಗೆ ಕಪ್ಪು ಕಿತ್ತು ಮತ್ತೆ ಹಿಡೀತದೆ. ರಿಲೇ ಬದಲಿಸಿದರೆ ಮತ್ತೆ ಹತ್ತು ವರ್ಷ. ಇಬ್ಬರು ಹುಡುಗರನ್ನ ಕರೆದು ಆಟೋದಾಗ ಹಾಕಿ ಕಳಿಸ್ರಿ. ಹೊಸದೇ ಬೇಕಂದರ ಯಮಹಾ ಎ-ಎಸ್501 ಐತಿ, 85 ವಾಟ್, 10.3 ಕಿಲೋ. ಮರಾಂಟ್ಜ್ ಪಿಎಂ6007 ಇನ್ನೂ ಹಗುರ, 7.8 ಕಿಲೋ, ಆದರೆ 45 ವಾಟ್. ಒಮ್ಮೆ ಇಟ್ಟರೆ ಮುಗೀತು. ದಿನಾ ಎತ್ತೋದು ಏನೈತಿ?


ಕಾಯಿಲ್‌ಕಿಟ್ಟಿ, ಬೆಂಗಳೂರು

ಹುಬ್ಬಳ್ಳಿಯವರ ಮಾತಿನಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ರಿಲೇ ವಿಷಯ ನೂರಕ್ಕೆ ನೂರು ಸರಿ. ನನ್ನ ಬೆಂಚಿಗೆ ಬರೋ ಕ್ಲಾಸ್ ಡಿಗಳಲ್ಲಿ ಆಂಪ್ ಭಾಗ ಹೋಗಿರೋದು ಕಮ್ಮಿ, ಸಪ್ಲೈ ಭಾಗವೇ ಜಾಸ್ತಿ. ಕೆಪಾಸಿಟರ್ ಒಣಗಿರುತ್ತೆ, ಇಲ್ಲಾ ಸರ್ಜ್, ಅಂದ್ರೆ ಎಗರಿದ ವೋಲ್ಟೇಜ್, ಬಡಿದಿರುತ್ತೆ. ಅದಕ್ಕೇ ಕೆಲವರಿಗೆ ಹೊರಗಿನ ಅಡಾಪ್ಟರ್ ಇರೋ ಆಂಪನ್ನೇ ತಗೊಳ್ಳಿ ಅಂತ ಹೇಳ್ತೀನಿ. ಹೋದರೆ ಅಡಾಪ್ಟರ್ ಹೋಗುತ್ತೆ, ಅಷ್ಟೇ ವೋಲ್ಟೇಜಿನ ಇನ್ನೊಂದು ತಂದರೆ ಆಯ್ತು. ಯಾವುದೇ ತಗೊಂಡರೂ ಸರ್ಜ್ ಪ್ರೊಟೆಕ್ಟರ್ ಹಾಕಿ, ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿ ಇದೆಯಾ ನೋಡಿಸಿ.

ಇನ್ವರ್ಟರ್ ಮೇಲೆ ಕೇಳೋರಿಗೆ ಮಾತ್ರ ದೊಡ್ಡ ಟ್ರಾನ್ಸ್‌ಫಾರ್ಮರ್ ತಲೆನೋವು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಅದು ಗುಂಯ್ ಅಂತ ಒದರುತ್ತೆ. ಎಸ್‌ಎಂಪಿಎಸ್‌ಗೆ ಅದರ ಗೊಡವೆ ಇಲ್ಲ.


ಬೆನ್ನುಹುರಿ_ಪಿಟಿ, ಶಿವಮೊಗ್ಗ

"ದಿನಾ ಎತ್ತೋದು ಏನೈತಿ" ಅನ್ನೋ ಮಾತಿಗೆ ಸುಮ್ನಿರೋಕೆ ಆಗಲಿಲ್ಲ. ನಾನು ಫಿಸಿಯೋಥೆರಪಿಸ್ಟ್. ದಿನಾ ಎತ್ತಿ ನನ್ನ ಹತ್ತಿರ ಬರೋರಿಗಿಂತ ವರ್ಷಕ್ಕೊಂದು ಸಲ ಎತ್ತಿ ಬರೋರೇ ಜಾಸ್ತಿ ಸರ್. ಆಯುಧಪೂಜೆ ಮಾರನೇ ದಿನ ಬಂದು ನೋಡಿ.

ಕಿಲೋ ಒಂದನ್ನೇ ನೋಡಬೇಡಿ. ಅಮೆರಿಕದ ನಯೋಷ್ ಅನ್ನೋ ಸರ್ಕಾರಿ ಸಂಸ್ಥೆಯ ಒಂದು ಸೂತ್ರ ಇದೆ. ಎಲ್ಲ ಅನುಕೂಲ ಇದ್ದಾಗ, ಸೊಂಟ ಗಟ್ಟಿ ಇರೋ ಕೆಲಸಗಾರ ಎತ್ತಬಹುದಾದ ಭಾರ 23 ಕಿಲೋ. ಎಲ್ಲ ಅನುಕೂಲ ಅಂದರೆ ಸಾಮಾನು ಮೈಗೆ 25 ಸೆಂಟಿಮೀಟರ್ ಹತ್ತಿರ ಇರಬೇಕು, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಮೈ ತಿರುಚಬಾರದು. ಅದೇ ಸಾಮಾನು 50 ಸೆಂಟಿಮೀಟರ್ ದೂರ ಹೋದರೆ ಮಿತಿ ಅರ್ಧಕ್ಕೆ ಇಳಿಯುತ್ತೆ, ಹನ್ನೊಂದೂವರೆ ಕಿಲೋ. ಈಗ ರಾಯರ ಗೂಡು ನೋಡಿ. ನೆಲದ ಮಟ್ಟ. ಮುಂದೆ ಸ್ಟ್ಯಾಂಡಿನ ಅಂಚು, ಮಂಡಿ ಒಳಗೆ ಹೋಗಲ್ಲ. ಕೈ ಪೂರ್ತಿ ಚಾಚಿ, ಬಗ್ಗಿ, ಎಳೀಬೇಕು. ಅಲ್ಲಿಂದ 10 ಕಿಲೋ ಎಳೆಯೋದು ಸೊಂಟ ಸರಿ ಇರೋರಿಗೂ ಒಳ್ಳೇದಲ್ಲ. ಡಿಸ್ಕ್ ಉಬ್ಬಿರೋರಿಗಂತೂ ಬೇಡವೇ ಬೇಡ.

ಇನ್ನೊಂದು ವಿಷಯ ನೀವ್ಯಾರೂ ಹೇಳಲಿಲ್ಲ. ಹಗುರದ ಆಂಪ್ ತಂದರೂ ವೈರ್ ಹಾಕೋದು ಹಿಂದುಗಡೆಗೇ ಅಲ್ವಾ? ಸ್ಟ್ಯಾಂಡಿನ ಹಿಂದೆ ತಲೆ ತೂರಿಸಿ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ವೈರ್. ಆ ಭಂಗಿಯಲ್ಲಿ ಬಗ್ಗೋದೂ ಇದೆ, ತಿರುಚೋದೂ ಇದೆ, ಅದೂ ಹತ್ತಿಪ್ಪತ್ತು ನಿಮಿಷ. ಎತ್ತೋದಕ್ಕಿಂತ ಇದೇ ಕೆಟ್ಟದ್ದು. ಹಾಗಾಗಿ ಹೊಸ ಆಂಪನ್ನು ಆ ಗೂಡಿಗೆ ಇಡಲೇಬೇಡಿ. ಸೊಂಟದ ಎತ್ತರದ ಮೇಜಿನ ಮೇಲಿಡಿ. ಡೈನಿಂಗ್ ಟೇಬಲ್ ಮೇಲೆ ಬೆನ್ನು ತಿರುಗಿಸಿ ಇಟ್ಟು, ಕುರ್ಚಿ ಮೇಲೆ ಕೂತು ಎಲ್ಲ ವೈರ್ ಜೋಡಿಸಿ. ಆಮೇಲೆ ಅದನ್ನೇ ಎತ್ತಿ ಜಾಗಕ್ಕೆ ಇಡಿ. ಎರಡು ಕಿಲೋ ಆಂಪಿನಲ್ಲಿ ಇದು ಸಾಧ್ಯ, ಹತ್ತು ಕಿಲೋದ್ದರಲ್ಲಿ ಆಗಲ್ಲ. ತೂಕ ಕಮ್ಮಿ ಆದ್ರೆ ನಿಜವಾದ ಲಾಭ ಇದೇ.

ಬೆಳಿಗ್ಗೆ ಎದ್ದ ತಕ್ಷಣ ಈ ಕೆಲಸಕ್ಕೆ ಕೈ ಹಾಕಬೇಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಬಿಗಿಯಾಗಿರುತ್ತೆ, ಎದ್ದ ಮೊದಲ ಒಂದು ಗಂಟೆ ಬಗ್ಗೋದು ಹೆಚ್ಚು ಅಪಾಯ. ಟವರ್ ಸ್ಪೀಕರ್‌ಗಳ ತೂಕ ಹೇಳಿಲ್ಲ ನೀವು. ಅವನ್ನು ಮುಟ್ಟಬೇಡಿ, ಇದ್ದಲ್ಲೇ ಇರಲಿ. ಕಾಲಿಗೆ ಜೋಮು ಇಳಿಯೋದು ಜಾಸ್ತಿಯಾದರೆ ಆಂಪ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ.


ಡಚ್_ಕನ್ನಡಿಗ, ಐಂಡ್‌ಹೋವನ್

ಒಣಕಲು ಸದ್ದಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಆ ಮಾತು ಹುಟ್ಟಿದ್ದು ಸುಮ್ನೆ ಅಲ್ಲ. ಕೊನೆಯಲ್ಲಿ ಕಾಯಿಲ್, ಕೆಪಾಸಿಟರ್ ಇರುತ್ತೆ ಅಂತ ಕಿಟ್ಟಿಯವರು ಹೇಳಿದರಲ್ಲ, ಅಗ್ಗದ ಕ್ಲಾಸ್ ಡಿಗಳಲ್ಲಿ ಫೀಡ್‌ಬ್ಯಾಕ್ (ಹೊರಟ ಸಿಗ್ನಲನ್ನು ಆಂಪೇ ವಾಪಸ್ ನೋಡಿ ತಪ್ಪು ತಿದ್ದಿಕೊಳ್ಳೋದು) ತಗೊಳ್ಳೋದು ಅದಕ್ಕಿಂತ ಮುಂಚೆಯೇ. ಅಂದರೆ ಫಿಲ್ಟರ್ ದಾಟಿದ ಮೇಲೆ ಏನಾಯ್ತು ಅನ್ನೋದು ಆಂಪಿಗೆ ಗೊತ್ತೇ ಆಗಲ್ಲ. ಆಗ ಮೇಲಿನ ಟ್ರೆಬಲ್ ಸ್ಪೀಕರಿನ ಓಮಿಗೆ ತಕ್ಕಂತೆ ಏರುತ್ತೆ ಇಲ್ಲಾ ಇಳಿಯುತ್ತೆ. ಒಬ್ಬರ ಮನೆಯಲ್ಲಿ ಕಿವಿ ಚುಚ್ಚುತ್ತೆ, ಇನ್ನೊಬ್ಬರ ಮನೆಯಲ್ಲಿ ಮಂಕಾಗಿರುತ್ತೆ. ತಂಬೂರಿಯ ಝೇಂಕಾರ ಕೇಳೋರಿಗೆ ಇದು ಬೇಗ ಗೊತ್ತಾಗುತ್ತೆ. ಫಿಲ್ಟರ್ ಆದ ಮೇಲೆ ಫೀಡ್‌ಬ್ಯಾಕ್ ತಗೊಳ್ಳೋ ಆಂಪ್‌ಗಳಲ್ಲಿ ಈ ತಾಪತ್ರಯ ಇಲ್ಲ. ಟಿಪಿಎ3255 ಆಂಪ್‌ಗಳಲ್ಲೂ ಕೆಲವರು ಹಾಗೆ ಮಾಡ್ತಾರೆ, ವಿವರದಲ್ಲಿ ಪಿಎಫ್‌ಎಫ್‌ಬಿ ಅಂತ ಬರೆದಿರುತ್ತೆ. ಅದನ್ನು ಹುಡುಕಿ.

ಇದನ್ನು ಚೆನ್ನಾಗಿ ಮಾಡಿ ತೋರಿಸಿದವರಲ್ಲಿ ಬೆಲ್ಜಿಯಂನ ಬ್ರೂನೋ ಪುಟ್ಜೆಸ್ ಮುಖ್ಯ. ಫಿಲಿಪ್ಸ್‌ನಲ್ಲಿದ್ದಾಗ ಯುಸಿಡಿ ಅನ್ನೋ ಕ್ಲಾಸ್ ಡಿ ವಿನ್ಯಾಸ ಮಾಡಿದರು, ಆಮೇಲೆ ಇಲ್ಲಿ ನೆದರ್‌ಲ್ಯಾಂಡ್ಸ್‌ನ ಹೈಪೆಕ್ಸ್ ಕಂಪನಿಗೆ ಎನ್‌ಕೋರ್ ಅನ್ನೋದನ್ನು ಮಾಡಿದರು. ಡೆನ್ಮಾರ್ಕಿನ ಪ್ಯೂರಿಫೈ ಕಂಪನಿ ಕಟ್ಟಿದವರಲ್ಲೂ ಅವರೊಬ್ಬರು. ಹೈಪೆಕ್ಸಿನ ಎನ್‌ಸಿ252ಎಂಪಿ ಅನ್ನೋ ಬೋರ್ಡಿನಲ್ಲಿ ಸಪ್ಲೈ ಕೂಡ ಸೇರಿದೆ, 4 ಓಮ್‌ಗೆ ಚಾನೆಲ್ಲಿಗೆ 250 ವಾಟ್ ಕೊಡುತ್ತೆ. ಬೋರ್ಡ್ ಒಂದು ಕಿಲೋನೂ ಇಲ್ಲ. ಅದನ್ನು ಡಬ್ಬಿಗೆ ಹಾಕಿ ಮಾರೋರು ಯುರೋಪಿನಲ್ಲಿ ಹಲವರಿದ್ದಾರೆ. ನನ್ನ ಮನೆಯಲ್ಲಿ ಇರೋದೂ ಅದೇ, ಮೂರು ಮಹಡಿ ಕಡಿದಾದ ಡಚ್ ಮೆಟ್ಟಿಲು ಹತ್ತಿ ಒಂದೇ ಕೈಯಲ್ಲಿ ತಂದಿಟ್ಟೆ. ಆದರೆ ರಾಯರಿಗೆ ಇದು ಬೇಡ ಅಂತೀನಿ. ಅದರಲ್ಲಿ ವಾಲ್ಯೂಮ್ ಇಲ್ಲ, ಪ್ರಿಆಂಪ್ ಬೇರೆ ತಗೋಬೇಕು. ಭಾರತಕ್ಕೆ ತರಿಸಿದರೆ ಕಸ್ಟಮ್ಸ್ ಬೇರೆ, ಕೆಟ್ಟರೆ ವಾಪಸ್ ಕಳಿಸೋ ರಗಳೆ ಬೇರೆ.

ಇನ್ನೂ ಜಾಸ್ತಿ ದಮ್ಮು ಬೇಕು ಅನ್ನೋರು ಸ್ಟೇಜಿನವರು ಬಳಸೋ ಕ್ರೌನ್ ಎಕ್ಸ್‌ಎಲ್‌ಎಸ್ 1002 ನೋಡಬಹುದು. 8 ಓಮ್‌ಗೆ 215 ವಾಟ್, ಬರೀ 3.9 ಕಿಲೋ. ಆದರೆ ಫ್ಯಾನ್ ಇದೆ. ವೀಣೆ ಕೇಳುವಾಗ ಫ್ಯಾನ್ ಯಾಕೆ?


ರೀಮ್‌ರಾಯ, ಮೈಸೂರು

ಎಲ್ಲರಿಗೂ ಧನ್ಯವಾದ. ಇಷ್ಟು ಬರೆದಿದ್ದೀರಿ, ಅಚ್ಚು ಹಾಕಿದರೆ ಎಂಟು ಪುಟದ ಫಾರಂ ತುಂಬುತ್ತೆ.

ಮೇಡಂ ಹೇಳಿದ ಡೈನಿಂಗ್ ಟೇಬಲ್ ಉಪಾಯ ನನಗೆ ಹೊಳೆದೇ ಇರಲಿಲ್ಲ. ಈ ಒಂದು ಮಾತಿಗಾಗಿಯೇ ಹತ್ತು ಕಿಲೋದ ಆಯ್ಕೆ ಕೈಬಿಟ್ಟೆ. ಹಾಲಿನ ಕಿಟಕಿ ಪಕ್ಕ ನನ್ನ ತಂದೆಯ ಕಾಲದ ಬರೆಯೋ ಮೇಜಿದೆ, ಎರಡೂವರೆ ಅಡಿ ಎತ್ತರ. ಡೆಕ್, ಸಿಡಿ ಪ್ಲೇಯರ್, ಆಂಪ್ ಮೂರೂ ಅಲ್ಲಿಗೆ ಹೋಗಲಿ. ಟಿವಿಗೆ ಉದ್ದದ ಎಚ್‌ಡಿಎಂಐ ಎಳೆದರಾಯ್ತು.

ಗಟ್ಟಿಕಬ್ಬಿಣದವರೇ, ನಿಮಗೆ ಅಷ್ಟು ಪ್ರೀತಿ ಇದ್ದರೆ ನನ್ನ ಆಂಪ್ ನೀವೇ ತಗೊಳ್ಳಿ. ರಿಲೇ ಬದಲಿಸಿಕೊಂಡರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ದುಡ್ಡು ಬೇಡ. ಬಂದು ಗೂಡಿನಿಂದ ನೀವೇ ಎತ್ತಿಕೊಳ್ಳಬೇಕು ಅನ್ನೋದೊಂದೇ ಷರತ್ತು.

ಕಿಟ್ಟಿಯವರೇ, ಸಬ್ ವಿಷಯ ಅರ್ಧಕ್ಕೆ ಬಿಟ್ಟಿರಿ. ಇನ್ನೊಂದು ಪ್ರಶ್ನೆ. ಅದೇ ಮೇಜಿನ ಮೇಲೆ ನನ್ನ ಟ್ರಾನ್ಸಿಸ್ಟರ್ ರೇಡಿಯೋ ಇರುತ್ತೆ. ಪರವಾಗಿಲ್ವಾ?


ಗಟ್ಟಿಕಬ್ಬಿಣ, ಹುಬ್ಬಳ್ಳಿ

ಬರ್ತೀನ್ರಿ! ಮುಂದಿನ ತಿಂಗಳು ನಂಜನಗೂಡಿಗೆ ಹೋಗೋದೈತಿ, ಕಾರಿನಾಗ ಬರ್ತೀವಿ. ಮಗ ಜೊತೆಗಿರ್ತಾನೆ, ಎತ್ತೋದು ಅವನ ಕೆಲಸ. ಮೇಡಂ ಬೈಯಬ್ಯಾಡ್ರಿ, ಅವನ ಸೊಂಟ ಗಟ್ಟಿ ಐತಿ.


ಬೆನ್ನುಹುರಿ_ಪಿಟಿ, ಶಿವಮೊಗ್ಗ

ಮೊದಲು ಆಂಪಿನ ಕೆಳಗೆ ಹಳೇ ಬೆಡ್‌ಶೀಟ್ ತೂರಿಸಿ, ಅದರ ಮೇಲೆ ಜಾರಿಸಿಕೊಂಡು ಪೂರ್ತಿ ಹೊರಗೆ ತರಲಿ. ಆಮೇಲೆ ಮಂಡಿಯೂರಿ, ಎದೆಗೆ ಒತ್ತಿ ಹಿಡಿದು ಎದ್ದು ನಿಲ್ಲಲಿ. ಗೂಡಿನೊಳಗೆ ಕೈ ಚಾಚಿ ಎತ್ತೋದು ಬೇಡ, ಸೊಂಟ ಎಷ್ಟೇ ಗಟ್ಟಿ ಇದ್ದರೂ.


ಕಾಯಿಲ್‌ಕಿಟ್ಟಿ, ಬೆಂಗಳೂರು

ಸಬ್ ವಿಷಯ ಇದು, ಗಮನ ಇಟ್ಟು ಓದಿ. ನಿಮ್ಮ ಹಳೇ ಆಂಪಿನಲ್ಲಿ ಕಪ್ಪು ಟರ್ಮಿನಲ್ ಎರಡೂ ಒಂದೇ ಗ್ರೌಂಡ್. ಅದಕ್ಕೇ ಅಲ್ಲಿಂದ ಸಬ್‌ಗೆ ವೈರ್ ಎಳೆದರೂ ಏನೂ ಆಗಲಿಲ್ಲ. ವಿಮ್ ಸೇರಿ ಈ ಟಿಪಿಎ3255 ಚಿಪ್ ಆಂಪ್‌ಗಳಲ್ಲಿ ಹಾಗಿಲ್ಲ. ಪ್ರತಿ ಚಾನೆಲ್ಲಿಗೂ ಎರಡೆರಡು ಆಂಪ್ ಬ್ರಿಡ್ಜ್ ಆಗಿರ್ತವೆ. ಕೆಂಪಿನಲ್ಲೂ ವೋಲ್ಟೇಜ್ ಇರುತ್ತೆ, ಕಪ್ಪಿನಲ್ಲೂ ಇರುತ್ತೆ. ಮಲ್ಟಿಮೀಟರ್‌ನ ಒಂದು ಕಡ್ಡಿ ಗ್ರೌಂಡಿಗೆ, ಇನ್ನೊಂದು ಕಪ್ಪಿಗೆ ಹಿಡಿದರೆ ಸಪ್ಲೈಯ ಅರ್ಧ ವೋಲ್ಟೇಜ್ ತೋರಿಸುತ್ತೆ. ಎಷ್ಟೋ ಸಬ್‌ಗಳ ಒಳಗೆ ಎರಡೂ ಕಪ್ಪನ್ನು ಸೇರಿಸಿ ಗ್ರೌಂಡಿಗೆ ಕಟ್ಟಿರ್ತಾರೆ. ಅದನ್ನು ಇಲ್ಲಿಗೆ ಜೋಡಿಸಿದರೆ ಔಟ್‌ಪುಟ್ ಶಾರ್ಟ್ ಆದ ಹಾಗೆ. ಪುಣ್ಯ ಇದ್ದರೆ ಪ್ರೊಟೆಕ್ಷನ್ ಆಗಿ ಆಫ್ ಆಗುತ್ತೆ, ಇಲ್ಲದಿದ್ದರೆ ಚಿಪ್ ಹೋಗುತ್ತೆ. ಆದ್ದರಿಂದ ಹಳೇ ವೈರನ್ನು ಕಿತ್ತು ಪಕ್ಕಕ್ಕಿಡಿ. ಆಂಪಿನ ಸಬ್ ಔಟ್‌ನಿಂದ ಸಬ್‌ನ ಲೈನ್ ಇನ್‌ಗೆ ಒಂದೇ ಒಂದು ಆರ್‌ಸಿಎ ಕೇಬಲ್, ಅಷ್ಟು ಸಾಕು.

ರೇಡಿಯೋ ಎಫ್‌ಎಂ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮೀಡಿಯಂ ವೇವ್ ಕೇಳೋರಾದರೆ ಆ ಮೇಜಿನಿಂದ ರೇಡಿಯೋ ದೂರ ಇಡಿ. ಟಿಪಿಎ3255 ಚಿಪ್ 450ರಿಂದ 600 ಕಿಲೋಹರ್ಟ್ಜ್‌ನಲ್ಲಿ ಕತ್ತರಿಸುತ್ತೆ. ಬೆಂಗಳೂರು ಆಕಾಶವಾಣಿ ಇರೋದು 612ರಲ್ಲಿ. ಎಷ್ಟೇ ಸೋಸಿದರೂ ಸ್ವಲ್ಪ ಸೋರುತ್ತೆ, ಕರಕರ ಅಂತ ಬರಬಹುದು. ನಾಲ್ಕೈದು ಅಡಿ ದೂರ ಇಟ್ಟು ನೋಡಿ. ಸಾಲದಿದ್ದರೆ ರೇಡಿಯೋ ಕೇಳುವಾಗ ಆಂಪಿನ ಸ್ವಿಚ್ಚನ್ನು ಗೋಡೆಯಲ್ಲೇ ಆಫ್ ಮಾಡಿ.

ಹಗುರದ ಆಂಪಿನ ಒಂದು ಕಿರಿಕಿರಿ ಹೇಳಿಬಿಡ್ತೀನಿ, ಇದು ಯಾವ ರಿವ್ಯೂನಲ್ಲೂ ಬರಲ್ಲ. ನಿಮ್ಮ ಸ್ಪೀಕರ್ ಕೇಬಲ್ ದಪ್ಪದ್ದಿದ್ದರೆ ಅದು ಆಂಪನ್ನೇ ಹಿಂದಕ್ಕೆ ಎಳೆಯುತ್ತೆ. ರಿಮೋಟ್‌ಗೆ ಸಿಗದ ಹಾಗೆ ಓರೆಯಾಗಿ ತಿರುಗಿ ಕೂರುತ್ತೆ, ಕೆಲವು ಸಲ ಮೇಜಿನ ಹಿಂದೆ ಬಿದ್ದೂ ಹೋಗುತ್ತೆ. ಬಿದ್ದದ್ದನ್ನು ಎತ್ತೋಕೆ ಮತ್ತೆ ನೀವೇ ಬಗ್ಗಬೇಕು. ನಿಮ್ಮ ದೂರಕ್ಕೆ 1.5 ಸ್ಕ್ವೇರ್ ಎಂಎಂ ಮೆತ್ತನೆ ಕೇಬಲ್ ಸಾಕು, 2.5ರ ಗಟ್ಟಿ ಕೇಬಲ್ ಬೇಡ. ತುದಿಗೆ ಬನಾನಾ ಪ್ಲಗ್ ಹಾಕಿಸಿ, ಒಂದೇ ಕೈಯಲ್ಲಿ ಒತ್ತಿದರೆ ಕೂರುತ್ತೆ, ತಿರುಪು ಬಿಗಿಯೋ ಕೆಲಸ ಇಲ್ಲ. ಮೇಜಿನ ಹಿಂದಿನ ಕಾಲಿಗೆ ಕೇಬಲನ್ನು ಒಂದು ಟೈ ಹಾಕಿ ಕಟ್ಟಿ, ಅದರ ಭಾರ ಮೇಜಿನ ಮೇಲೆ ಬೀಳಲಿ, ಆಂಪಿನ ಮೇಲೆ ಬೇಡ. ಆಂಪಿನ ಕೆಳಗೆ ಅಡುಗೆಮನೆ ಡ್ರಾಯರ್‌ಗೆ ಹಾಸೋ ರಬ್ಬರ್ ಮ್ಯಾಟಿನ ತುಂಡು ಇಡಿ.

ಬೆಲೆ ವಾರಕ್ಕೊಂದು ಥರ ಇರುತ್ತೆ, ಎರಡು ಮೂರು ಕಡೆ ವಿಚಾರಿಸಿ. ವಾರಂಟಿ ಯಾರು ಕೊಡ್ತಾರೆ, ಸರ್ವಿಸ್ ಎಲ್ಲಿ ಅಂತ ಮೊದಲೇ ಬರಹದಲ್ಲಿ ತಗೊಳ್ಳಿ. ಡಬ್ಬಿ, ಥರ್ಮಕೋಲ್ ಎರಡನ್ನೂ ವಾರಂಟಿ ಮುಗಿಯೋವರೆಗೆ ಎಸೆಯಬೇಡಿ.